ಬಂಡೆ ಸಂದಿಯ ತೇಗ, ಬೋರ್‌ವೆಲ್ ಪಕ್ಕದ ತೇಗ

ತುಮಕೂರಿನ ಸಾ ಮಿಲ್‌ಗಳಿಗೆ ಕಾಡಿನ ಮರ ಬರುವುದು ಈಗ ತೀರಾ ಅಪರೂಪ. ಬರುವುದೆಲ್ಲ ಹೊಲದ ಬದುವಿನದು, ತೋಟದ ಬೇಲಿ ಸಾಲಿನದು, ಇಲ್ಲ ಮನೆ ಹಿತ್ತಲಿನದು. ಬೇವು, ಹಲಸು, ಮಾವು, ಸಿಲ್ವರ್ ಓಕ್, ನೀಲಗಿರಿ, ನಡುನಡುವೆ ತೇಗ. ನನ್ನ ಸೋದರಮಾವ ಅಂಥದೊಂದು ಮಿಲ್ ಇಟ್ಟುಕೊಂಡಿದ್ದಾರೆ. ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವಳು. ಕಾಂಡದ ಪಾಠಕ್ಕೆ ಬೋರ್ಡಿನ ಮೇಲೆ ಚಿತ್ರ ಬರೆದು ಬರೆದು ಸಾಕಾಗಿ, ನಿಜವಾದ ಮರವನ್ನೇ ತೋರಿಸೋಣ ಅಂತ ಮಾವನ ಮಿಲ್‌ನಿಂದ ಬಿಲ್ಲೆ ಕೊಯ್ಯಿಸಿಕೊಂಡು ಬರುವ ಅಭ್ಯಾಸ ಮಾಡಿಕೊಂಡೆ. ಮಾವನಿಗೆ ಇದು ಮೊದಲಿನಿಂದಲೂ ತಮಾಷೆ. "ಸತ್ತ ಮರದ ವಯಸ್ಸು ಕೇಳಿ ಏನ್ ಮಾಡ್ತೀಯಮ್ಮ, ಗಂಡು ಹುಡುಕ್ತೀಯಾ?" ಅನ್ನುತ್ತಾರೆ.

ಮಕ್ಕಳೂ ಅದನ್ನೇ ಕೇಳುವುದು. "ಎಷ್ಟು ವರ್ಷ ಮೇಡಂ?" ಎಣಿಸಿ ಒಂದು ಸಂಖ್ಯೆ ಹೇಳಿದರೆ ಅವರ ಕುತೂಹಲ ಅಲ್ಲಿಗೆ ಮುಗಿಯಿತು. ನನ್ನದು ಶುರುವಾಗುವುದೇ ಆಮೇಲೆ. ಈ ಗೆರೆ ಯಾಕೆ ಇಷ್ಟು ಸಣ್ಣ? ಅದರ ಪಕ್ಕದ್ದು ಯಾಕೆ ಅಷ್ಟು ಅಗಲ? ಪಕ್ಕದ ಊರಿನ ಮರದಲ್ಲೂ ಹೀಗೇ ಇದೆಯಾ? ಬರ ಬಂದಾಗ ಕಾಡಿಗೆ ಏನಾಗುತ್ತದೆ, ಬಿಸಿಲು ಏರುತ್ತಾ ಹೋದರೆ ಮರಗಳು ತಡೆದುಕೊಳ್ಳುತ್ತವಾ ಅನ್ನುವ ಪ್ರಶ್ನೆಗಳಿಗೆ ಪ್ರಪಂಚದಾದ್ಯಂತ ಜನ ಈ ಗೆರೆಗಳಲ್ಲೇ ಉತ್ತರ ಹುಡುಕುತ್ತಿದ್ದಾರೆ.

ಮೊದಲು ಯಾವ ಮರದಲ್ಲಿ ಗೆರೆ ಸಿಗುತ್ತದೆ ಅಂತ ಹೇಳಿಬಿಡುತ್ತೇನೆ. ಪಠ್ಯಪುಸ್ತಕದಲ್ಲಿರುವ ಅಚ್ಚುಕಟ್ಟಾದ ಉಂಗುರಗಳ ಚಿತ್ರ ಚಳಿ ದೇಶದ ಪೈನ್, ಓಕ್ ಮರಗಳದ್ದು. ಅಲ್ಲಿ ಹಿಮ ಬೀಳುವ ತಿಂಗಳಲ್ಲಿ ತೊಗಟೆಯ ಕೆಳಗಿನ ಕ್ಯಾಂಬಿಯಂ ಪದರ ಕೆಲಸ ನಿಲ್ಲಿಸುತ್ತದೆ. ಚಳಿ ಕಳೆದ ಮೇಲೆ ಮತ್ತೆ ಶುರು ಮಾಡಿದಾಗ ದೊಡ್ಡ ಕೋಶಗಳ ತಿಳಿ ಬಣ್ಣದ ಮರ ಕಟ್ಟುತ್ತದೆ. ಬೇಸಿಗೆ ಮುಗಿಯುವಷ್ಟರಲ್ಲಿ ಕೋಶ ಚಿಕ್ಕದಾಗಿ, ಗೋಡೆ ದಪ್ಪವಾಗಿ, ಬಣ್ಣ ಗಾಢವಾಗುತ್ತದೆ. ತಿಳಿಯದು ಒಂದು, ಗಾಢವಾದದ್ದು ಒಂದು, ಎರಡೂ ಸೇರಿ ಒಂದು ವರ್ಷ.

ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು? ಇಲ್ಲಿ ಆ ಕೆಲಸ ಮಾಡುವುದು ಒಣ ಬೇಸಿಗೆ. ಎಲೆ ಪೂರ್ತಿ ಉದುರಿಸಿ ಬೋಳಾಗಿ ನಿಲ್ಲುವ ಮರಗಳಲ್ಲಿ ಗೆರೆ ಚೆನ್ನಾಗಿ ಬೀಳುತ್ತದೆ. ಅದರಲ್ಲಿ ತೇಗವೇ ಮೊದಲು. ಸಂಕ್ರಾಂತಿ ಕಳೆದ ಮೇಲೆ ಎಲೆ ಉದುರಿಸುತ್ತದೆ, ಮಳೆ ಬಿದ್ದ ಮೇಲೆ ಚಿಗುರುತ್ತದೆ. ಹೊಸ ವರ್ಷದ ಮರ ಕಟ್ಟುವಾಗ ಮೊದಲ ಸಾಲಿನಲ್ಲಿ ನೀರು ಸಾಗಿಸುವ ದೊಡ್ಡ ರಂಧ್ರಗಳು ಬರುತ್ತವೆ. ನಯ ಮಾಡಿದ ಬಿಲ್ಲೆಯಲ್ಲಿ ಈ ಸಾಲು ಬರಿಗಣ್ಣಿಗೇ ಕಾಣುತ್ತದೆ. ಮಾವು, ಹಲಸು ವರ್ಷವಿಡೀ ಹಸಿರಾಗಿರುವ ಮರಗಳು. ಅವುಗಳಲ್ಲಿ ಗೆರೆ ಕಂಡರೂ ವರ್ಷಕ್ಕೆ ಒಂದೇ ಅಂತ ನಂಬುವ ಹಾಗಿಲ್ಲ. ನೀಲಗಿರಿಯೂ ಅಷ್ಟೇ, ಆಳದಿಂದ ನೀರು ಎಳೆದುಕೊಂಡು ಬೇಸಿಗೆಯಲ್ಲೂ ಬೆಳೆಯುತ್ತಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ 1980ರ ದಶಕದಲ್ಲಿ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪಾದವು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಲ್ಲಿಸಿತು. ಆ ತೋಪುಗಳ ಕೊರಡು ಈಗಲೂ ಲಾರಿಗಟ್ಟಲೆ ಬರುತ್ತದೆ. ನನ್ನ ಕೆಲಸಕ್ಕೆ ಒಂದೂ ಉಪಯೋಗವಿಲ್ಲ.

ತಿಪಟೂರು, ಗುಬ್ಬಿ ಕಡೆಯ ಮಕ್ಕಳು ಪ್ರತಿ ವರ್ಷ ತಪ್ಪದೆ ತೆಂಗಿನ ಮರದ ವಿಷಯ ಎತ್ತುತ್ತಾರೆ. ತೆಂಗು, ಅಡಿಕೆಗೆ ಕ್ಯಾಂಬಿಯಂ ಪದರವೇ ಇಲ್ಲ, ಹಾಗಾಗಿ ಒಳಗೆ ಉಂಗುರವೂ ಇಲ್ಲ. ಕಾಂಡದ ಹೊರಗೆ ಕಾಣುವ ಬಳೆಗಳು ಗರಿ ಬಿದ್ದ ಗುರುತು. ತೆಂಗಿಗೆ ವರ್ಷಕ್ಕೆ ಹನ್ನೆರಡರ ಆಸುಪಾಸು ಗರಿ ಬರುತ್ತದೆ, ಆ ಲೆಕ್ಕ ಹಿಡಿದು ವಯಸ್ಸು ಅಂದಾಜು ಮಾಡಬಹುದು. ಮಳೆಯ ಕಥೆ ಸಿಗುವುದಿಲ್ಲ.

ಈ ವಿದ್ಯೆ ಶುರು ಮಾಡಿದವರು ಮರದವರಲ್ಲ, ನಕ್ಷತ್ರದವರು. ಎ. ಇ. ಡಗ್ಲಸ್ ಅಂತ ಅಮೆರಿಕದ ಒಬ್ಬ ಖಗೋಳ ವಿಜ್ಞಾನಿ. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಇಳಿಯುತ್ತವೆ. ಅದಕ್ಕೂ ಭೂಮಿಯ ಮಳೆಗೂ ಏನಾದರೂ ನಂಟು ಇದೆಯಾ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ನೂರಾರು ವರ್ಷದ ಮಳೆ ಲೆಕ್ಕ ಬೇಕು. ಅರಿಜೋನಾದಂಥ ಒಣ ಸೀಮೆಯಲ್ಲಿ ಅದನ್ನು ಯಾರು ಬರೆದಿಟ್ಟಿರುತ್ತಾರೆ? ಹಾಗಾಗಿ ಕಡಿದ ಮರಗಳ ಹಿಂದೆ ಬಿದ್ದರು. ಸೂರ್ಯನ ಕಲೆಯ ಪ್ರಶ್ನೆಗೆ ಅವರು ಬಯಸಿದಷ್ಟು ಗಟ್ಟಿ ಉತ್ತರ ಸಿಗಲಿಲ್ಲ. ಆದರೆ ಇನ್ನೊಂದು ಕೈಗೆ ಸಿಕ್ಕಿತು. ಒಂದೇ ಸೀಮೆಯ ಮರಗಳಲ್ಲಿ ಸಣ್ಣ ಗೆರೆ, ಅಗಲ ಗೆರೆಗಳ ಸರಣಿ ಒಂದೇ ಥರ ಬೀಳುತ್ತದೆ. ಬದುಕಿರುವ ಮರದ ಒಳಭಾಗದ ಸರಣಿ ಹಳೇ ಮನೆಯ ತೊಲೆಯ ಹೊರಭಾಗದ ಸರಣಿಗೆ ಹೊಂದಿದರೆ ಎರಡನ್ನೂ ಜೋಡಿಸಿ ಹಿಂದಕ್ಕೆ ಹೋಗಬಹುದು. 1929ರಲ್ಲಿ ಅರಿಜೋನಾದ ಶೋ ಲೋ ಅನ್ನುವ ಊರಲ್ಲಿ ಸಿಕ್ಕ ಸುಟ್ಟು ಕರಿಯಾದ ಒಂದು ತೊಲೆ, ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಎರಡು ಸರಣಿಗಳ ನಡುವಿನ ಕಂದಕ ಮುಚ್ಚಿತು. ಅದಕ್ಕೆ ಅವರು ಕೊಟ್ಟ ನಂಬರ್ ಎಚ್‌ಎಚ್-39. ಆ ಕಡೆಯ ಮೂಲನಿವಾಸಿಗಳ ಪಾಳು ಊರುಗಳು ಯಾವ ಇಸವಿಯಲ್ಲಿ ಕಟ್ಟಿದ್ದು ಅಂತ ಆ ಒಂದು ತೊಲೆಯಿಂದ ಗೊತ್ತಾಯಿತು. 1937ರಲ್ಲಿ ಡಗ್ಲಸ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಅಂತ ಒಂದು ಪ್ರಯೋಗಾಲಯ ಕಟ್ಟಿದರು. ಅದು ಈಗಲೂ ನಡೆಯುತ್ತಿದೆ.

ಹೀಗೆ ಹಲವು ಮರ ಹೊಂದಿಸಿ ನೋಡದೆ ಒಂದೇ ಮರ ಹಿಡಿದು ಎಣಿಸಿದರೆ ಮೋಸ ಹೋಗುತ್ತೀರಿ. ಕೆಟ್ಟ ಬರದ ವರ್ಷ ಕಾಂಡದ ಒಂದು ಮಗ್ಗುಲಲ್ಲಿ ಗೆರೆಯೇ ಬೀಳದೆ ಹೋಗಬಹುದು. ಇನ್ನು ಕೆಲವು ವರ್ಷ ಒಂದರ ಬದಲು ಎರಡು ಬೀಳಬಹುದು. ನಮ್ಮ ಸೀಮೆಯಲ್ಲಿ ಈ ಎರಡನೇ ಕಾಟ ಜಾಸ್ತಿ. ನಮ್ಮ ಮಳೆ ಹೇಗೆ ಅಂತ ನಿಮಗೆ ಗೊತ್ತಲ್ಲ. ಏಪ್ರಿಲ್, ಮೇನಲ್ಲಿ ಗುಡುಗು ಸಿಡಿಲಿನ ಮಳೆ. ಜೂನ್, ಜುಲೈನಲ್ಲಿ ಮಲೆನಾಡೆಲ್ಲ ನೆನೆಯುತ್ತಿದ್ದರೆ ಇಲ್ಲಿ ಬರೀ ಗಾಳಿ, ಮೋಡ. ನಿಜವಾದ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆ ಹೊತ್ತಿಗೆ. ಮೇ ಮಳೆಗೆ ಚಿಗುರಿದ ಮರ ಜುಲೈನಲ್ಲಿ ಬಾಯಾರಿ ನಿಂತು, ಮತ್ತೆ ಸೆಪ್ಟೆಂಬರ್‌ನಲ್ಲಿ ಬೆಳೆಯಲು ಶುರು ಮಾಡಿದರೆ ಆ ಒಂದೇ ವರ್ಷಕ್ಕೆ ಎರಡು ಗೆರೆ. ಲೆನ್ಸ್ ಹಿಡಿದು ನೋಡಿದರೆ ಸುಳ್ಳು ಗೆರೆಯ ಅಂಚು ಮಸುಕಾಗಿರುತ್ತದೆ, ನಿಜದ್ದು ಚೂಪಾಗಿರುತ್ತದೆ. ಹಾಗಂತ ಪುಸ್ತಕ ಹೇಳುತ್ತದೆ. ಕೈಯಲ್ಲಿ ಬಿಲ್ಲೆ ಹಿಡಿದಾಗ ಅಷ್ಟು ಸಲೀಸಲ್ಲ.

ಈಗ ತಲೆಬರಹದ ವಿಷಯಕ್ಕೆ ಬರುತ್ತೇನೆ. 2024ರಲ್ಲಿ ಮಾವನ ಮಿಲ್‌ಗೆ ಹೆಚ್ಚುಕಮ್ಮಿ ಒಟ್ಟೊಟ್ಟಿಗೆ ಎರಡು ತೇಗ ಬಂದವು. ಒಂದು ಗುಬ್ಬಿ ಕಡೆಯ ಅಡಿಕೆ ತೋಟದ ಅಂಚಿನದು, ಬೋರ್‌ವೆಲ್ ಪೈಪಿನ ಪಕ್ಕದಲ್ಲೇ ಬೆಳೆದದ್ದು. ನೇರ ಕಾಂಡ, ಒಳ್ಳೇ ದಪ್ಪ. ಇನ್ನೊಂದು ಕೊರಟಗೆರೆ ಕಡೆಯದು, ಸಿದ್ಧರಬೆಟ್ಟದ ದಿಕ್ಕಿನ ಒಂದು ಹೊಲದಲ್ಲಿ ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡು ಬೆಳೆದದ್ದು. ಗಂಟು ಗಂಟು, ಸೊಟ್ಟ. ಮಾವ ಮೊದಲನೆಯದನ್ನು ತಟ್ಟಿ ನೋಡಿ ಬಾಗಿಲ ಚೌಕಟ್ಟಿಗೆ ಲೆಕ್ಕ ಹಾಕಿದರು. ಎರಡನೆಯದಕ್ಕೆ, "ಇದು ಸೌದೆ ರೇಟು ಕಣಮ್ಮ, ನಿಂಗೆ ಎಷ್ಟು ಬಿಲ್ಲೆ ಬೇಕೋ ಕೊಯ್ಕೋ" ಅಂದರು.

ಎರಡನ್ನೂ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಟೇಬಲ್ ಮೇಲೆ ಇಟ್ಟೆವು. ಮಕ್ಕಳೆಲ್ಲ ಗುಬ್ಬಿ ತೇಗದ ಕಡೆ ಹೋದರು. ನೋಡಲು ಚೆನ್ನಾಗಿತ್ತು, ಗೆರೆಗಳು ಅಗಲ ಅಗಲ, ಒಂದಕ್ಕೊಂದು ಸಮ. ಕೊರಟಗೆರೆಯದರಲ್ಲಿ ಗೆರೆ ಒಂದು ಅಗಲ, ಒಂದು ಕೂದಲೆಳೆ, ಮತ್ತೆರಡು ಕೂದಲೆಳೆ, ಮತ್ತೊಂದು ಅಗಲ. ಒಂದು ಹುಡುಗಿ "ಇದು ಹಾಳಾಗಿದೆ ಮೇಡಂ" ಅಂದಳು. ಅಲ್ಲ, ಹೇಳಲಿಕ್ಕೆ ಏನಾದರೂ ಇರುವುದೇ ಅದರಲ್ಲಿ. ಬೋರ್‌ವೆಲ್ ಪಕ್ಕದ ಮರಕ್ಕೆ ಮಳೆ ಬಂದರೂ ಒಂದೇ, ಬರದಿದ್ದರೂ ಒಂದೇ. ಬಂಡೆ ಸಂದಿಯ ಮರಕ್ಕೆ ಆ ಸಂದಿಯಲ್ಲಿ ನಿಂತ ಮಳೆ ನೀರು ಬಿಟ್ಟರೆ ಬೇರೆ ಗತಿ ಇಲ್ಲ. ಮಳೆ ಎಷ್ಟೋ ಗೆರೆ ಅಷ್ಟು. ಈ ವಿದ್ಯೆಯವರು ಮೊದಲನೆಯ ಥರದ್ದನ್ನು ನಿಶ್ಚಿಂತ ಮರ, ಎರಡನೆಯದನ್ನು ಸೂಕ್ಷ್ಮ ಮರ ಅಂತ ವಿಂಗಡಿಸುತ್ತಾರೆ, ಮತ್ತು ಮಳೆಯ ಲೆಕ್ಕ ಬೇಕಾದಾಗ ಸೂಕ್ಷ್ಮ ಮರಗಳನ್ನೇ ಹುಡುಕಿಕೊಂಡು ಕಲ್ಲುಗುಡ್ಡ ಹತ್ತುತ್ತಾರೆ. ಡಗ್ಲಸ್‌ಗೆ ಅರಿಜೋನಾ ಒದಗಿ ಬಂದದ್ದು ಅದಕ್ಕೇ.

ದೇವರಾಯನದುರ್ಗ, ಮಧುಗಿರಿ, ಪಾವಗಡ, ಅಂತರಗಂಗೆ, ನಂದಿ ಸುತ್ತಮುತ್ತ ನಮ್ಮಲ್ಲಿ ಇರುವುದೆಲ್ಲ ಇಂಥ ಕಲ್ಲುಗುಡ್ಡಗಳೇ. ಮಲೆನಾಡಿನವರು ನಮ್ಮ ಕುರುಚಲು ಕಾಡು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ವರ್ಷವಿಡೀ ಒದ್ದೆಯಾಗಿರುವ ಕಾಡಿನಲ್ಲಿ ಮರ ಮಳೆಯ ಏರಿಳಿತವನ್ನು ಇಷ್ಟು ಖಡಕ್ಕಾಗಿ ಬರೆದಿಡುವುದಿಲ್ಲ.

ಕೋಲಾರದಲ್ಲಿ ಇನ್ನೊಂದು ವಿಶೇಷ ನಡೆಯುತ್ತಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣದ ಜಗಳ ಬೇರೆ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಆ ಕೆರೆ ಅಂಗಳದ ಪಕ್ಕ ಒಂದು ತೇಗ ಇದೆ ಅಂದುಕೊಳ್ಳಿ. 2018ರ ತನಕ ಅದು ಮಳೆಯ ಲೆಕ್ಕ ಬರೆದಿರುತ್ತದೆ. ಆಮೇಲೆ ಬೆಂಗಳೂರಿನ ಬಚ್ಚಲಿನ ಲೆಕ್ಕ. ಮುಂದೆ ಯಾರೋ ಆ ಮರ ಕೊಯ್ದು ನೋಡಿದರೆ 2023ರಲ್ಲಿ ಕೋಲಾರದಲ್ಲಿ ಒಳ್ಳೇ ಮಳೆ ಅಂದುಕೊಳ್ಳುತ್ತಾರೆ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದ್ದರು.

ಕೊರಟಗೆರೆ ಬಿಲ್ಲೆಯನ್ನು ಹೊರಗಿನಿಂದ ಒಳಕ್ಕೆ ಓದೋಣ. ತೊಗಟೆಗೆ ಅಂಟಿಕೊಂಡಂತೆ 2023ರ ಗೆರೆ, ಹುಡುಕಬೇಕು ಅಷ್ಟು ಸಣ್ಣ. ಅದರ ಒಳಗೆ 2022, 2021 ಅಗಲ. ಅವೆರಡೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಲ್ಲಿ ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದ ವರ್ಷಗಳು, ನೆನಪಿರಬೇಕಲ್ಲ. ಇನ್ನೂ ಒಳಗೆ ಹೋದರೆ 2016, ಬರ, ಸಣ್ಣ ಗೆರೆ. ಇಲ್ಲಿಯ ತನಕ ಎಲ್ಲ ಸರಿ. ಆದರೆ 2017? ಆ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚೆನ್ನಾಗಿ ಸುರಿದಿತ್ತು. ಗೆರೆ ಮಾತ್ರ ಸಣ್ಣದೇ.

ಬಿತ್ತನೆ ರಾಗಿಯನ್ನೇ ತಿಂದು ಬರ ಕಳೆದ ಮನೆಗೆ ಮಾರನೇ ವರ್ಷ ಮಳೆ ಬಂದರೂ ಕೈ ಕಟ್ಟಿದಂತಿರುತ್ತದೆ ಅಲ್ವಾ, ಮರದ್ದೂ ಅದೇ ಪಾಡು. ಬರದಲ್ಲಿ ಅದು ಕೂಡಿಟ್ಟ ಪಿಷ್ಟ ಕರಗಿಸಿ ಬದುಕುತ್ತದೆ. ಎಲೆ ಕಡಿಮೆ ಮಾಡುತ್ತದೆ, ಸಣ್ಣ ಬೇರುಗಳು ಸಾಯುತ್ತವೆ, ನೀರಿನ ಕೊಳವೆಗಳಲ್ಲಿ ಗಾಳಿ ಸೇರಿ ಕೆಲವು ಶಾಶ್ವತವಾಗಿ ಕಟ್ಟಿಕೊಳ್ಳುತ್ತವೆ. ಮಳೆ ಬಂದ ಮೇಲೆ ಮೊದಲು ಇವನ್ನೆಲ್ಲ ಸರಿ ಮಾಡಿಕೊಳ್ಳಬೇಕು, ಕಾಂಡ ದಪ್ಪ ಮಾಡುವುದು ಕೊನೆಗೆ. 2015ರಲ್ಲಿ 1,338 ಕಾಡುಗಳ ಉಂಗುರಗಳನ್ನು ಒಟ್ಟಿಗೆ ನೋಡಿದ ಒಂದು ಅಧ್ಯಯನ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕೆಟ್ಟ ಬರ ಮುಗಿದ ಮೇಲೆ ಒಂದರಿಂದ ನಾಲ್ಕು ವರ್ಷದ ತನಕ ಮರಗಳ ಬೆಳವಣಿಗೆ ಹಿಂದೆ ಬಿದ್ದೇ ಇರುತ್ತದೆ ಅಂತ ಅದರಲ್ಲಿದೆ. ಒಣ ಸೀಮೆಯಲ್ಲಿ ಇದು ಎದ್ದು ಕಾಣುತ್ತದೆ. ಬರ ಎರಡು ವರ್ಷಕ್ಕೊಮ್ಮೆ ಬರಲು ಶುರುವಾದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ನಮಗೆ 2016 ಆದ ಮೇಲೆ 2018 ಬಂದಿತ್ತು.

ಒಂದು ಬಿಲ್ಲೆ ಇಟ್ಟುಕೊಂಡು ಇಷ್ಟೆಲ್ಲ ಹೇಳಬಾರದು. ಒಂದು ಮರದ ಗೆರೆ ಸಣ್ಣದಾಗಲು ಹುಳ ಬಿದ್ದಿರಬಹುದು, ಯಾರೋ ಮೇವಿಗೆ ಕೊಂಬೆ ಸವರಿರಬಹುದು, ಬುಡಕ್ಕೆ ಬೆಂಕಿ ತಾಗಿರಬಹುದು. ಅದಕ್ಕೇ ಒಂದು ಜಾಗದಲ್ಲಿ ಕಡಿಮೆ ಅಂದರೂ ಇಪ್ಪತ್ತು ಮರ ನೋಡುತ್ತಾರೆ. ಬದುಕಿರುವ ಮರಕ್ಕೆ ಟೊಳ್ಳು ಬೈರಿಗೆ ಹಾಕಿ ಪೆನ್ಸಿಲ್ ದಪ್ಪದ ಕಡ್ಡಿ ತೆಗೆಯುತ್ತಾರೆ, ಮರ ಸಾಯುವುದಿಲ್ಲ. ಇನ್ನೊಂದು ವಿಷಯ. ಎಳೆ ಮರ ಹೇಗಿದ್ದರೂ ಅಗಲ ಗೆರೆ ಹಾಕುತ್ತದೆ. ದೊಡ್ಡದಾದ ಮೇಲೆ ಸುತ್ತಳತೆ ಹೆಚ್ಚಿ ಅದೇ ಬೆಳವಣಿಗೆ ತೆಳ್ಳಗೆ ಹರಡುತ್ತದೆ. ಒಳಗಿನ ಗೆರೆ ಅಗಲ ಇದೆ ಅಂತ "ಆಗೆಲ್ಲ ಮಳೆ ಚೆನ್ನಾಗಿತ್ತು" ಅನ್ನುವ ಹಾಗಿಲ್ಲ. ನಮ್ಮ ಹಿರಿಯರು ಹೇಗೂ ಅನ್ನುತ್ತಾರೆ, ಅದಕ್ಕೆ ಮರದ ಸಾಕ್ಷಿ ಬೇರೆ ಬೇಡ. ವಯಸ್ಸಿನ ಈ ಇಳಿಕೆಯನ್ನು ಲೆಕ್ಕದಿಂದ ತೆಗೆದ ಮೇಲೆ ಉಳಿಯುವ ಏರಿಳಿತ ಮಾತ್ರ ಹವಾಮಾನದ್ದು.

2025ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು, ಇದು ಉಷ್ಣವಲಯದ ಮರಗಳದ್ದೇ. ಬರದ ವರ್ಷಗಳಲ್ಲಿ ಕಾಂಡದ ಬೆಳವಣಿಗೆ ಸರಾಸರಿ 2.5 ಪರ್ಸೆಂಟ್ ಮಾತ್ರ ಇಳಿದಿದೆ ಅಂತ. ಓದಿದ ಕೂಡಲೇ ಸಮಾಧಾನ ಆಗುವಂಥ ಸುದ್ದಿ. ಆದರೆ ಸರಾಸರಿ ಅಂದರೆ ಅದರಲ್ಲಿ ಗುಬ್ಬಿ ತೇಗವೂ ಸೇರಿದೆ, ಕೊರಟಗೆರೆಯದೂ ಸೇರಿದೆ. ಬಿಸಿ ಹೆಚ್ಚಿರುವ, ಒಣಗಿರುವ ಕಡೆ ಪೆಟ್ಟು ಜಾಸ್ತಿ ಅಂತ ಅದೇ ಅಧ್ಯಯನ ಹೇಳುತ್ತದೆ. ಪಾವಗಡದಲ್ಲಿ ಕೂತು ಓದುವವರು ಮೊದಲ ಸಾಲಿಗೇ ನಿಲ್ಲಬಾರದು. ಉಷ್ಣವಲಯದ ಕಾಡು ಹೇಗಿದೆ ಅಂತ ಒಂದೇ ಉತ್ತರ ಕೇಳುವುದರಲ್ಲೇ ನನಗೆ ನಂಬಿಕೆ ಇಲ್ಲ. ಯಾವ ಗುಡ್ಡದ, ಯಾವ ಮಗ್ಗುಲಿನ, ಎಷ್ಟು ಮಣ್ಣಿನ ಮೇಲಿನ ಮರ ಅಂತ ಕೇಳಬೇಕು.

ಇವೆರಡರ ನಡುವೆ, 2022ರಲ್ಲಿ ಬಂದದ್ದು ನನಗೆ ಎಲ್ಲಕ್ಕಿಂತ ಇಷ್ಟ. ಉಷ್ಣವಲಯದ 347 ಕಡೆಯ ಸರಣಿಗಳನ್ನು ಸೇರಿಸಿ ನೋಡಿದಾಗ, ಮರದ ಬೆಳವಣಿಗೆಯನ್ನು ಮಳೆಗಾಲಕ್ಕಿಂತ ಹೆಚ್ಚಾಗಿ ಒಣಗಾಲವೇ ತೀರ್ಮಾನಿಸುತ್ತದೆ ಅಂತ ತಿಳಿಯಿತು. ಬೇಸಿಗೆ ತೀರಾ ಬಿಸಿಯಾಗಿ ಒಣಗಿದ್ದರೆ ಆ ವರ್ಷ ಮಳೆಗಾಲ ಚೆನ್ನಾಗಿದ್ದರೂ ಗೆರೆ ಸಣ್ಣದು. ನಮ್ಮಲ್ಲಿ ಎಲ್ಲರ ಕಣ್ಣೂ ಮುಂಗಾರಿನ ಮೇಲೆ. ಟಿವಿಯಲ್ಲಿ ಕೇರಳಕ್ಕೆ ಮುಂಗಾರು ಬಂತಾ ಅಂತ ಕಾಯುತ್ತೇವೆ. ಹಳಬರು ಮಾತ್ರ ಅದಕ್ಕೂ ಮೊದಲೇ, "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಏಪ್ರಿಲ್ ಕೊನೆಯ ಮಳೆ ನೋಡುತ್ತಿದ್ದರು. ಅವರು ನೋಡಿದ್ದು ಹೊಲವನ್ನು. ಗುಡ್ಡದ ಮರಕ್ಕೂ ಆ ಮಾತು ಹೊಂದುತ್ತದೆ ಅನ್ನುವುದು ನನ್ನ ಅನುಮಾನ.

ಹಿಂದಕ್ಕೆ ಎಷ್ಟು ದೂರ ಹೋಗಬಹುದು? ಭಾರತದಲ್ಲಿ ಈ ಕೆಲಸ ಮುಖ್ಯವಾಗಿ ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ನಡೆಯುತ್ತದೆ. ಜಾವಾದ ತೇಗದಿಂದ 1514ರ ತನಕ ಹಿಂದೆ ಹೋದ ಸರಣಿಯನ್ನು 1931ರಲ್ಲೇ ಬರ್ಲಾಗೆ ಅನ್ನುವ ಡಚ್ ವಿಜ್ಞಾನಿ ಪ್ರಕಟಿಸಿದ್ದರು. ಪುಣೆಯವರು ಕೇರಳದ ತೇಗಗಳಿಂದ 1481ರಿಂದ 2003ರ ತನಕ, 523 ವರ್ಷದ ಸರಣಿ ಕಟ್ಟಿ 2010ರಲ್ಲಿ ಪ್ರಕಟಿಸಿದರು. 1481 ಅಂದರೆ ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೂ ಮೊದಲು. ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ, ಬಂದು ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಆ ತೇಗಗಳ ಗೆರೆ ಸಣ್ಣದಾಗಿದೆ. ಅದೇ 2010ರಲ್ಲಿ ಎಡ್ವರ್ಡ್ ಕುಕ್ ಮತ್ತು ಜೊತೆಗಾರರು ಇಡೀ ಮುಂಗಾರು ಏಷ್ಯಾದ ಏಳುನೂರು ವರ್ಷಗಳ ಬರದ ನಕ್ಷೆ ತಯಾರಿಸಿದರು, ಪೂರ್ತಿ ಮರದ ಗೆರೆಗಳಿಂದ. ಅದರಲ್ಲಿ ನಾಲ್ಕು ಮಹಾ ಬರಗಳು ಎದ್ದು ಕಾಣುತ್ತವೆ. ಒಂದು 1790ರಿಂದ 1796ರದ್ದು, ನಮ್ಮ ಉತ್ತರದ ಜಿಲ್ಲೆಗಳವರು ಡೋಗಿ ಬರ ಅನ್ನುವುದು ಈ ಕಾಲದ್ದೇ. ಇನ್ನೊಂದು 1876ರಿಂದ 1878.

ಅದು ಧಾತು, ಈಶ್ವರ ಸಂವತ್ಸರಗಳ ಬರ. ನಮ್ಮಜ್ಜಿ ಮಧುಗಿರಿ ಕಡೆಯವರು. ಮಕ್ಕಳು ತಟ್ಟೆಯಲ್ಲಿ ಮುದ್ದೆ ಬಿಟ್ಟರೆ "ಧಾತು ಬರ ಬಂದಿದ್ರೆ ಗೊತ್ತಾಗ್ತಿತ್ತು" ಅಂತ ಬೈಯುತ್ತಿದ್ದರು. ಅವರು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾತು ಅದು. ಅವರ ಅಜ್ಜಿ ಬೈದದ್ದನ್ನು ಅವರು ಬೈಯುತ್ತಿದ್ದರು. ಮೈಸೂರು ಸೀಮೆಯ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಇಲ್ಲಿ ಮರದ ಗೆರೆಗೆ ಒಂದು ಮಿತಿ ಇದೆ ಅನ್ನುವುದನ್ನೂ ಹೇಳಬೇಕು. ಗೆರೆ ಮಳೆ ಬರಲಿಲ್ಲ ಅನ್ನುತ್ತದೆ ಅಷ್ಟೆ. ಜನ ಸತ್ತದ್ದು ಬರೀ ಮಳೆ ಇಲ್ಲದೆ ಅಲ್ಲ. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು, ಮತ್ತು ಆ ವರ್ಷಗಳಲ್ಲೂ ಇಂಡಿಯಾದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತುತ್ತಲೇ ಇತ್ತು. ಅದು ಯಾವ ಮರದಲ್ಲೂ ಇಲ್ಲ.

ಇನ್ನೊಂದು ಮಿತಿ ನನ್ನನ್ನು ಜಾಸ್ತಿ ಕಾಡುತ್ತದೆ. ನಾವು ಕೊಯ್ದು ನೋಡುವ ಮರ ಬದುಕಿ ಉಳಿದ ಮರ. 1877ರಲ್ಲಿ ಒಣಗಿ ಬಿದ್ದ ಮರವನ್ನು ಗೆದ್ದಲು ತಿಂದು ಮುಗಿಸಿದೆ, ಅದರ ಲೆಕ್ಕ ಎಲ್ಲೂ ಇಲ್ಲ. ಹಾಗೇ ಬರದಿಂದ ಮೊಳೆಯದೇ ಹೋದ ಸಸಿಗಳದ್ದೂ ಇಲ್ಲ. ಬರೀ ಉಂಗುರ ನೋಡಿದರೆ ಕಾಡು ನಿಜಕ್ಕಿಂತ ಗಟ್ಟಿಯಾಗಿ ಕಾಣುವ ಅಪಾಯ ಇದೆ. ಅದಕ್ಕೇ ಇದರ ಜೊತೆಗೆ ಇನ್ನೊಂದು ಥರದ ಕೆಲಸ ಬೇಕು. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ತಂಡ 50 ಹೆಕ್ಟೇರ್ ಜಾಗ ಗುರುತು ಮಾಡಿ, ಅದರಲ್ಲಿರುವ ಒಂದೊಂದು ಗಿಡಕ್ಕೂ ನಂಬರ್ ಹಾಕಿದರು. ಯಾವುದು ಬೆಳೆಯಿತು, ಯಾವುದು ಬೆಂಕಿಗೆ ಹೋಯಿತು, ಯಾವುದನ್ನು ಆನೆ ಮುರಿಯಿತು ಅಂತ ಅಂದಿನಿಂದ ಲೆಕ್ಕ ಇಡುತ್ತಾ ಬಂದಿದ್ದಾರೆ. ಸತ್ತವರ ಪಟ್ಟಿ ಅಲ್ಲಿ ಸಿಗುತ್ತದೆ. ಆದರೆ ಅದು 1988ರಿಂದ ಈಚೆಗೆ. ಉಂಗುರ ಐನೂರು ವರ್ಷ ಹಿಂದೆ ಹೋಗುತ್ತದೆ. ಎರಡೂ ಬೇಕು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಮರಕ್ಕೆ ಒಳ್ಳೇದೇ ಅಲ್ವಾ, ಊಟ ಜಾಸ್ತಿ ಸಿಕ್ಕಿದಂತೆ ಅಂತ ಚುರುಕು ಮಕ್ಕಳು ಕೇಳುತ್ತಾರೆ. 2015ರಲ್ಲಿ ಬೊಲಿವಿಯಾ, ಕ್ಯಾಮರೂನ್, ಥಾಯ್ಲೆಂಡ್‌ನ ಸುಮಾರು 1,100 ಮರಗಳಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಗೆರೆಯೊಳಗಿನ ಇಂಗಾಲದ ಐಸೋಟೋಪ್ (ತೂಕದಲ್ಲಿ ಬೇರೆಬೇರೆ ಇರುವ ಇಂಗಾಲದ ಪರಮಾಣುಗಳು) ಅಳೆದಾಗ, 150 ವರ್ಷಗಳಲ್ಲಿ ಮರಗಳು ನೀರನ್ನು ಹೆಚ್ಚು ಹಿಡಿತದಿಂದ ಖರ್ಚು ಮಾಡಲು ಶುರು ಮಾಡಿದ್ದು ಕಂಡಿತು. ಗೆರೆ ಮಾತ್ರ ಅಗಲ ಆಗಿರಲಿಲ್ಲ.

ನಮ್ಮ ಕಡೆ ಹಳೇ ಮರ ಎಲ್ಲಿ ಸಿಗುತ್ತದೆ ಅಂತ ಕೇಳಬಹುದು. ಕಾಡಿನಲ್ಲಿ ಮುಟ್ಟುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಸರಿಯೇ. ಆದರೆ ಕಣ್ಣೆದುರೇ ಹೋಗುತ್ತಿರುವುದು ಎರಡಿದೆ. ಒಂದು, ಹಳೇ ಮನೆಗಳ ತೊಲೆ, ಕಂಬ. ತೊಟ್ಟಿ ಮನೆ ಕೆಡವಿ ಆರ್‌ಸಿಸಿ ಕಟ್ಟುವವರು ತೊಲೆಗಳನ್ನು ಮಿಲ್‌ಗೆ ತಂದು ಹಲಗೆ ಕೊಯ್ಯಿಸುತ್ತಾರೆ. ತೊಲೆಯಲ್ಲಿ ತೊಂದರೆಯೂ ಉಂಟು. ಬಡಗಿ ಹೊರಗಿನ ಬಿಳಿ ಭಾಗ ಪೂರ್ತಿ ಕೆತ್ತಿ ಬರೀ ಚೇಗು ಉಳಿಸಿರುತ್ತಾನೆ. ಹಾಗಾಗಿ ಕೊನೆಯ ಎಷ್ಟೋ ಗೆರೆ ಇರುವುದಿಲ್ಲ, ಮರ ಬಿದ್ದ ಇಸವಿ ತಿಳಿಯುವುದಿಲ್ಲ. ಮರ ಎಲ್ಲಿಯದು ಅನ್ನುವುದೂ ಗೊತ್ತಿರಬೇಕು. ಶಿವಮೊಗ್ಗದಿಂದ ಗಾಡಿಯಲ್ಲಿ ಬಂದ ತೇಗವಾದರೆ ಅದರೊಳಗಿರುವುದು ಶಿವಮೊಗ್ಗದ ಮಳೆ.

ಇನ್ನೊಂದು ರಸ್ತೆ ಅಗಲ ಮಾಡಲು ಕಡಿಯುವ ಮರ. ಸಾಲುಮರಗಳಲ್ಲಿ ಹುಣಸೆ ಹೆಚ್ಚು. ಹಳೇ ಹುಣಸೆಯ ಒಳಗೆ ಪೊಳ್ಳು, ಗೆರೆಯೂ ಮಸುಕು, ನನ್ನ ಕೆಲಸಕ್ಕೆ ಕಷ್ಟ. ಅದರ ನಡುವೆ ಬೇರೆ ಮರಗಳೂ ಇರುತ್ತವೆ. ಒಂದು ಕಡೆ ಕಡಿಯುತ್ತಿದ್ದಾಗ ಇಳಿದು ಒಂದು ಬಿಲ್ಲೆ ಕೊಡಿ ಅಂತ ಕೇಳಿದೆ. ಮೇಸ್ತ್ರಿಗೆ ನಾನು ಪೂಜೆಗೆ ಕೇಳುತ್ತಿದ್ದೇನೆ ಅನ್ನಿಸಿರಬೇಕು, "ಯಾವ ಮರದ್ದು ಆಗ್ಬೇಕಮ್ಮ?" ಅಂದ. ವಿಷಯ ಹೇಳಿದ ಮೇಲೆ ಹರಾಜು ಆಗಿಹೋಗಿದೆ, ಕೊಡಕ್ಕಾಗಲ್ಲ ಅಂದ. ಟೆಂಡರ್ ಕಾಗದದಲ್ಲಿ ಮರದ ಜಾತಿ, ಸುತ್ತಳತೆ, ಬೆಲೆ ಎಲ್ಲ ಇರುತ್ತದೆ. ಕಡಿಯುವ ಮುಂಚೆ ಪ್ರತಿ ಜಾತಿಯಲ್ಲಿ ನಾಲ್ಕಾರು ಮರದ ಒಂದೊಂದು ಬಿಲ್ಲೆ ಹತ್ತಿರದ ಕಾಲೇಜಿಗೆ ಕೊಡಬೇಕು ಅಂತ ಒಂದು ಸಾಲು ಸೇರಿಸಿದರೆ ಯಾರಿಗೂ ನಷ್ಟ ಇಲ್ಲ. ನಾಲ್ಕು ಬೆರಳು ದಪ್ಪದ ಬಿಲ್ಲೆ ಸಾಕು.

ಮನೆಯಲ್ಲಿ ಹೊಲದ ತೇಗ ಕಡಿಸುವವರು ಯಾರಾದರೂ ಇದ್ದರೆ, ಎದೆಮಟ್ಟದಲ್ಲಿ, ಕೊಂಬೆ ಒಡೆಯದ ಜಾಗದಲ್ಲಿ ಒಂದು ಬಿಲ್ಲೆ ಕೊಯ್ಯಿಸಿಡಿ. ತೊಗಟೆ ಹಾಗೇ ಇರಲಿ, ಕೊನೆಯ ಗೆರೆ ಯಾವ ವರ್ಷದ್ದು ಅಂತ ಗೊತ್ತಾಗುವುದು ಅದರಿಂದಲೇ. ಹಿಂಭಾಗದಲ್ಲಿ ಮಾರ್ಕರ್‌ನಿಂದ ಊರು, ಕಡಿದ ತಿಂಗಳು, ವರ್ಷ ಬರೆಯಿರಿ. ಬೋರ್‌ವೆಲ್, ಕಾಲುವೆ, ಕೆರೆ ಎಷ್ಟು ದೂರ, ಮಣ್ಣು ಎಂಥದು, ಕೊಂಬೆ ಸವರುತ್ತಿದ್ದಿರಾ ಅನ್ನುವುದೂ ಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ, ನೆರಳಲ್ಲಿ ಒಣಗಿಸಿ. ಆಮೇಲೆ 80, 120, 220, 400 ನಂಬರಿನ ಸ್ಯಾಂಡ್ ಪೇಪರ್ ಒಂದಾದ ಮೇಲೆ ಒಂದು ಹಾಕಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗೆರೆ ಎದ್ದು ಬರುತ್ತದೆ. ಹತ್ತು ವರ್ಷಕ್ಕೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ, ಐವತ್ತಕ್ಕೆ ಎರಡು, ನೂರಕ್ಕೆ ಮೂರು, ಇದು ಎಲ್ಲ ಕಡೆ ನಡೆದುಬಂದ ಪದ್ಧತಿ. ನೂರರ ಮೂರು ಚುಕ್ಕೆ ಇಡುವ ಯೋಗ ನನಗೆ ಇನ್ನೂ ಬಂದಿಲ್ಲ.

ನನಗೆ ಈಗ ಬೇಕಿರುವುದು ಮಧುಗಿರಿ, ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಬಂಡೆ ಮೇಲಿನ ತೇಗ. ಎಷ್ಟು ಸೊಟ್ಟ ಇದ್ದರೂ ಪರವಾಗಿಲ್ಲ. ಶ್ರೀಗಂಧ ಮಾತ್ರ ಬೇಡ, ಅದರ ಕಾನೂನು ಗಲಾಟೆ ಯಾರಿಗೆ ಬೇಕು. ಬಸ್ಸಿನಲ್ಲಿ ತುಮಕೂರಿಗೆ ಕಳಿಸಿದರೆ ಲಗೇಜ್ ಚಾರ್ಜು ನಾನೇ ಕೊಡುತ್ತೇನೆ.